ಟಿವಿಯ ಹಿಂದೆ ನಿಲ್ಲುವ ಡಬ್ಬಿ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಮನೆಯೊಂದರಲ್ಲಿ ಹೆಂಗಸೊಬ್ಬರು ಸ್ಟೂಲಿನ ಮೇಲೆ ನಿಂತು, ಗೋಡೆಯ ಟಿವಿಗೆ ಕೆನ್ನೆ ಒತ್ತಿಕೊಂಡು, ಬಾಯಲ್ಲಿ ಪುಟ್ಟ ಟಾರ್ಚ್ ಕಚ್ಚಿಕೊಂಡಿದ್ದಾರೆ. ಬಲಗೈ ಟಿವಿಯ ಹಿಂದಿನ ಸಂದಿಯಲ್ಲಿ ತಡಕಾಡುತ್ತಿದೆ. ಎಡಗೈ ಮಾತ್ರ ಬೆನ್ನ ಹಿಂದೆ ಮಡಚಿಕೊಂಡಿದೆ. ಮನೆಯ ಯಜಮಾನರು ಹಲ್ಲುಜ್ಜುವ ಬ್ರಷ್ ಹಿಡಿದೇ ಬಂದು, "ಯಾವುದಾದ್ರೂ ಒಂದು ಹಾಕ್ಬಿಡಿ ಅಕ್ಕ, ಎಲ್ಲ ಒಂದೇ ತಾನೆ" ಎನ್ನುತ್ತಾರೆ.

ಟಾರ್ಚ್ ಬಾಯಿಂದ ಕೈಗೆ ಬರುತ್ತದೆ. "ಒಂದೇ ಅಲ್ಲ ಅಣ್ಣ. ಈ ಮನೇಲಿ ರಿಮೋಟ್ ಹೆಚ್ಚಾಗಿ ಯಾರ ಕೈಲಿರುತ್ತೆ?"

"ನನ್ನ ಕೈಲಿದೆ ಅಂತ ನಾನು ಅಂದ್ಕೊಂಡಿದೀನಿ."

ಅಡುಗೆಮನೆಯಿಂದ ನಗು ಕೇಳುತ್ತದೆ. ಅವರೂ ನಗುತ್ತಾರೆ, ಆದರೆ ಸ್ಟೂಲಿನಿಂದ ಇಳಿಯುವುದಿಲ್ಲ. ಕೇಳಬೇಕಾದ ಇನ್ನೊಂದು ಪ್ರಶ್ನೆ ಬಾಕಿ ಇದೆ. "ಫೋನಿಂದ ಈ ಟಿವಿನ ಯಾರ್ಯಾರು ಆನ್ ಮಾಡಬಹುದು?" ಉತ್ತರ ಬರುವ ತನಕ ಅವರ ಕಣ್ಣು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ ಹೆಂಡತಿಯ ಮುಖದ ಮೇಲೇ ಇರುತ್ತದೆ.

ಬಡಾವಣೆಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಡಬ್ಬಿ ಅಕ್ಕ ಎಂದೇ. ಟಿವಿಯ ಬೆನ್ನಿಗೆ ಸಿಕ್ಕಿಸಿದರೆ ಇಂಟರ್ನೆಟ್ಟಿನ ಸಿನಿಮಾ, ಧಾರಾವಾಹಿ, ಮಕ್ಕಳ ಕಾರ್ಟೂನು ತೋರಿಸುವ ಸಾಧನಗಳಿವೆಯಲ್ಲ, ಕೆಲವು ಬೆರಳುದ್ದದ ಕಡ್ಡಿ, ಕೆಲವು ಅಂಗೈಯಗಲದ ಪೆಟ್ಟಿಗೆ. ಅವರ ಬಾಯಲ್ಲಿ ಎಲ್ಲವೂ ಡಬ್ಬಿ. ಮಾರುವವರು ಅಂಗಡಿಯವರು. ಯಾವ ಮನೆಗೆ ಯಾವುದು ಹೊಂದುತ್ತದೆ ಎಂದು ನೋಡಿ, ಆರಿಸಿ, ಕೂರಿಸಿ, ಮನೆಯವರಿಗೆ ಕಲಿಸಿ ಬರುವುದು ಇವರ ಕೆಲಸ. ದಿನಕ್ಕೆ ನಾಲ್ಕೈದು ಮನೆ. ಜನ ಕೆಲಸಕ್ಕೆ ಹೊರಡುವ ಮೊದಲೇ ಸಿಗುವುದರಿಂದ ಮೊದಲ ಮನೆ ಯಾವಾಗಲೂ ಮುಂಜಾನೆಯೇ. "ನನ್ನ ಮುಖಕ್ಕಿಂತ ಬೆನ್ನೇ ಜನಕ್ಕೆ ಹೆಚ್ಚು ಪರಿಚಯ" ಎಂದು ಅವರೇ ಹೇಳಿಕೊಳ್ಳುತ್ತಾರೆ.

ಆರಿಸುವುದು ಸುಲಭವೆಂದು ಹೊರಗಿನವರಿಗೆ ಅನ್ನಿಸುತ್ತದೆ. ಆದರೆ ಹಳೆಯ ಟಿವಿಗೆ ಹೊಸ ಕಡ್ಡಿ ಸಿಕ್ಕಿಸಲು ಜಾಗವೇ ಇರುವುದಿಲ್ಲ. ವೈಫೈ ಪೆಟ್ಟಿಗೆ ಹಜಾರದಲ್ಲಿ, ಟಿವಿ ಒಳಕೋಣೆಯಲ್ಲಿ ಇದ್ದರೆ ಚಿತ್ರ ಹೆಜ್ಜೆಹೆಜ್ಜೆಗೂ ನಿಲ್ಲುತ್ತದೆ. ಕಣ್ಣು ಮಂಜಾದವರಿಗೆ ದೊಡ್ಡ ಗುಂಡಿಯ ರಿಮೋಟು ಬೇಕು. ಮಾತಾಡಿದರೆ ಕೇಳಿಸಿಕೊಳ್ಳುವ ರಿಮೋಟು ಕೆಲವರಿಗೆ ವರ, ಕೆಲವರಿಗೆ ತಲೆನೋವು. ಎಲ್ಲ ಸಿನಿಮಾ ಬಿಟ್ಟಿ ತೋರಿಸುತ್ತೇವೆಂದು ಬರುವ ಹೆಸರಿಲ್ಲದ ಪೆಟ್ಟಿಗೆಗಳನ್ನು ಅವರು ಮುಟ್ಟುವುದೇ ಇಲ್ಲ. "ಬಿಟ್ಟಿ ತೋರಿಸೋನು ನಮ್ಮನೇಲಿ ಏನೇನು ನೋಡ್ಕೊಂಡು ಹೋಗ್ತಾನೋ ಯಾರಿಗೆ ಗೊತ್ತು. ನಾನು ಹುಟ್ಟಾ ಪುಕ್ಕಲಿ. ನನಗೆ ಬೇಡಪ್ಪ."

ಪುಕ್ಕಲಿ ಎನ್ನುವುದನ್ನು ಅವರು ತಮಾಷೆಗೆ ಹೇಳುವುದಿಲ್ಲ. ಅಪ್ಪನಿಗೆ ಟಿವಿ ರಿಪೇರಿ ಅಂಗಡಿ ಇತ್ತು. ಡೊಳ್ಳು ಹೊಟ್ಟೆಯ ಹಳೆ ಟಿವಿಗಳ ಕಾಲ. ಪ್ಲಗ್ ಕಿತ್ತ ಮೇಲೂ ಅವುಗಳ ಹೊಟ್ಟೆಯೊಳಗೆ ಕರೆಂಟು ಅಡಗಿ ಕೂತಿರುತ್ತಿತ್ತು. ಒಂದು ಸಂಜೆ ಶಾಲೆಯಿಂದ ಬಂದು ಅಂಗಡಿಯ ಮೆಟ್ಟಿಲು ಹತ್ತುವಾಗಲೇ ಅಪ್ಪ ಗೋಡೆಗೆ ಬಡಿದು ಬಿದ್ದದ್ದನ್ನು ಆಕೆ ಕಂಡರು. ಪ್ರಾಣಕ್ಕೇನೂ ಆಗಲಿಲ್ಲ, ಆದರೆ ಬಲಗೈ ಮೊದಲಿನಂತಾಗಲಿಲ್ಲ. ಆಮೇಲೆ ಮಗಳೇ ಅಪ್ಪನ ಬಲಗೈಯಾದರು. ಒಂದು ಕೈ ಒಳಗಿದ್ದಾಗ ಇನ್ನೊಂದು ಕೈ ಬೆನ್ನ ಹಿಂದೆ ಇರಲಿ, ಕರೆಂಟು ಎದೆ ದಾಟಿ ಹೋಗದು ಎಂದು ಅಪ್ಪ ಕಲಿಸಿದರು. ಈಗಿನ ತೆಳು ಟಿವಿಗಳಿಗೆ ಅದರ ಅಗತ್ಯವಿಲ್ಲ. ಕೈ ಮಾತ್ರ ತಾನಾಗಿ ಹಿಂದೆ ಹೋಗುತ್ತದೆ.

ತೆಳು ಟಿವಿ ಬಂದ ಮೇಲೆ ರಿಪೇರಿ ಕಡಿಮೆಯಾಗಿ ಅಂಗಡಿ ಮುಚ್ಚಿತು. ಅಕ್ಕ ಒಂದು ಸ್ಕೂಟರು ಕೊಂಡು, ಅದರ ಹಿಂದೆ ಕಟ್ಟಿದ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಫೋನ್ ನಂಬರ್ ಬರೆಸಿ, ಮನೆ ಮನೆ ತಿರುಗತೊಡಗಿದರು. ಗುರುತಿಲ್ಲದ ಮನೆಯ ಬೆಲ್ ಒತ್ತುವಾಗ ಪ್ರತಿ ಸಲವೂ ಅವರ ಎದೆ ಹೊಡೆದುಕೊಳ್ಳುತ್ತದೆ. ನಾಯಿ ಇದೆಯೇ, ಒಳಗೆ ಗಂಡಸೊಬ್ಬನೇ ಇದ್ದಾನೆಯೇ, ಬಾಗಿಲಿಗೆ ಹಿಂದಿನಿಂದ ಚಿಲಕ ಬೀಳುತ್ತದೆಯೇ. ಬೇಕರಿಯಲ್ಲಿ ಒಲೆ ನೋಡಿಕೊಳ್ಳುವ ಗಂಡ, "ಇಷ್ಟು ಹೆದರ್ಕೊಂಡು ಈ ಕೆಲಸ ಯಾಕೆ" ಎಂದು ಆಗಾಗ ಕೇಳುತ್ತಾರೆ. "ಬೇರೆ ಕೆಲಸಕ್ಕೆ ಹೋದ್ರೆ ಅಲ್ಲೂ ಹೆದರ್ತೀನಿ. ಇದಾದ್ರೆ ಬರುತ್ತಲ್ಲ" ಎನ್ನುವುದು ಅವರ ಉತ್ತರ.

ಹೋದ ವರ್ಷ ಶಿಶುವಿಹಾರದ ಟೀಚರ್ ಒಬ್ಬರು ಫೋನ್ ಮಾಡಿದರು. ಟಿವಿ ತಾನಾಗಿ ಆನ್ ಆಗುತ್ತಿದೆ, ಡಬ್ಬಿ ಕೆಟ್ಟಿರಬೇಕು, ಹೊಸದೊಂದು ಆರಿಸಿಕೊಡಿ ಎಂದರು. ದನಿ ತೀರ ಸಣ್ಣದಾಗಿತ್ತು, ಪಕ್ಕದಲ್ಲಿ ಯಾರೋ ಮಲಗಿದ್ದಾರೆ ಎನ್ನುವ ಹಾಗೆ.

ಮರುದಿನ ಮುಂಜಾನೆ ಅಕ್ಕ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಟಿವಿಯ ಮೇಲೆ ಹೊದಿಸಿದ್ದ ಬೆಡ್‌ಶೀಟು. ಟೀಚರಮ್ಮನ ತಾಯಿ ಅದರ ನಾಲ್ಕೂ ಮೂಲೆಗೆ ಪಿನ್ನು ಹಾಕಿದ್ದರು. ಐದಾರು ವರ್ಷದ ಮೊಮ್ಮಗಳು ಹಜಾರಕ್ಕೆ ಕಾಲಿಡದೆ ಬಾಗಿಲ ಹಿಂದೆ ನಿಂತೇ ಹಾಲು ಕುಡಿಯುತ್ತಿದ್ದಳು. "ನಾವೆಲ್ಲ ಅಡುಗೆಮನೇಲಿ ಇದ್ದಾಗ ಜೋರಾಗಿ ಸದ್ದು ಬರುತ್ತಮ್ಮ. ಬಂದು ನೋಡಿದ್ರೆ ಯಾರೂ ಇರಲ್ಲ. ನನ್ನ ಮಗಳು ನೀನೇ ಏನೋ ಒತ್ತಿದೀಯ ಅಂತಾಳೆ, ನಾನು ಅವಳಿಗೇ ತಲೆ ಕೆಟ್ಟಿದೆ ಅಂತೀನಿ" ಎಂದರು ಅಜ್ಜಿ.

ಪಕ್ಕದ ಮನೆಯ ರಿಮೋಟಿಗೆ ಟಿವಿ ಓಗೊಡುವುದುಂಟು. ಅಂಥದ್ದೇ ಏನೋ ಇರಬೇಕೆಂದುಕೊಂಡು ಅಕ್ಕ ಬೆಡ್‌ಶೀಟು ತೆಗೆದರು. ಸ್ಟೂಲು ಹತ್ತಿ ಕೈ ಹಿಂದಕ್ಕೆ ಹಾಕುವಷ್ಟರಲ್ಲಿ ಟಿವಿ ಹೊತ್ತಿಕೊಂಡಿತು. ರಿಮೋಟು ಮೇಜಿನ ಮೇಲಿತ್ತು. ಯಾರೂ ಮುಟ್ಟಿರಲಿಲ್ಲ.

ಪರದೆಯ ಮೇಲೆ ಫೋಟೊಗಳು ಒಂದಾದ ಮೇಲೊಂದು ಬರತೊಡಗಿದವು. ಮಗುವಿನ ಮೊದಲ ಹಲ್ಲು. ಮಗು ತಂದೆಯ ಹೆಗಲ ಮೇಲೆ. ಸಮುದ್ರದ ದಂಡೆಯಲ್ಲಿ ಮೂವರು. ಆಮೇಲೆ ಒಂದು ಬಾಲ್ಕನಿ, ರಸ್ತೆಯಿಂದ ತೆಗೆದದ್ದು. ಹಗ್ಗದ ಮೇಲೆ ಪುಟ್ಟ ನೀಲಿ ಯೂನಿಫಾರಂ ಒಣಗುತ್ತಿತ್ತು.

"ಅದು ನಮ್ಮ ಬಾಲ್ಕನಿ" ಎಂದರು ಟೀಚರ್. "ಆ ಯೂನಿಫಾರಂ ನಿನ್ನೆ ಒಗೆದಿದ್ದು."

ಅಕ್ಕ ಸ್ಟೂಲಿನಿಂದ ಇಳಿದು ನೆಲದ ಮೇಲೇ ಕೂತರು. ಕೂತಲ್ಲೇ ಒಂದೊಂದಾಗಿ ಕೇಳಿದರು. ಆ ಕಡ್ಡಿ ಯಾರದು? ಗಂಡ ಕೊಡಿಸಿದ್ದು. ಅಕೌಂಟ್ ಯಾರ ಹೆಸರಲ್ಲಿದೆ? ಅವರದೇ. ಹೊಡೆತ ಬಡಿತ ತಾಳಲಾರದೆ ಮನೆ ಬಿಟ್ಟು ಬರುವಾಗ, ಮಗುವಿನ ಕಾರ್ಟೂನೆಲ್ಲ ಅದರಲ್ಲೇ ಇದೆ ಎಂದು ಟೀಚರ್ ಅದನ್ನು ಕಿತ್ತು ಬಟ್ಟೆಯ ಬ್ಯಾಗಿಗೆ ಹಾಕಿಕೊಂಡಿದ್ದರು. ಈ ಮನೆಯ ವಿಳಾಸ ತವರಿನ ನೆಂಟರಿಗೂ ಕೊಟ್ಟಿರಲಿಲ್ಲ.

"ಅವರ ನಂಬರ್ ಬ್ಲಾಕ್ ಮಾಡಿದೀನಿ ಅಕ್ಕ. ಬಾಗಿಲಿಗೆ ಇನ್ನೊಂದು ಬೀಗ ಹಾಕ್ಸಿದೀನಿ. ಕಿಟಕಿಗೆ ಪರದೆ ಹಾಕಿದೀನಿ" ಎನ್ನುತ್ತಾ ಟೀಚರ್ ಟಿವಿಯ ಕಡೆ ನೋಡಿದರು.

ಅಕೌಂಟ್ ಇದ್ದವನು ಎಲ್ಲೇ ಕೂತು ಫೋನಿನಿಂದ ಟಿವಿ ಹೊತ್ತಿಸಬಹುದು, ಸದ್ದು ಏರಿಸಬಹುದು, ತನ್ನ ಆಲ್ಬಮ್ಮಿಗೆ ಹೊಸ ಫೋಟೊ ಸೇರಿಸಿದರೆ ಅದು ಇಲ್ಲಿ ಮೂಡುತ್ತದೆ. ಕಡ್ಡಿ ಯಾವ ಊರಿನಿಂದ, ಯಾವ ಭಾಗದಿಂದ ಓಡುತ್ತಿದೆ ಎನ್ನುವುದೂ ಅವನಿಗೆ ಕಾಣುತ್ತದೆ. ಅಷ್ಟು ತಿಳಿದ ಮೇಲೆ ಆ ಭಾಗದ ಶಿಶುವಿಹಾರಗಳ ಗೇಟಿನಲ್ಲಿ ಕಾದು ನಿಂತರೆ ಸಾಕಾಗಿತ್ತು. ಹಾಗೆಯೇ ಮಾಡಿದ್ದ ಎನ್ನುವುದು ಮುಂದೆ ಠಾಣೆಯಲ್ಲಿ ಗೊತ್ತಾಯಿತು.

ಅಜ್ಜಿ, "ಕಿತ್ತು ಬಿಸಾಕಮ್ಮ ಆ ಹಾಳು ಸಾಮಾನ" ಎಂದು ಟಿವಿಯ ಕಡೆ ನುಗ್ಗಿದರು. ಅಕ್ಕ ಅವರ ಕೈ ಹಿಡಿದುಕೊಂಡರು. ಈಗಲೇ ಕಿತ್ತರೆ ತೋರಿಸಲು ಏನೂ ಉಳಿಯುವುದಿಲ್ಲ. ತಮ್ಮ ಫೋನು ತೆಗೆದು ಪರದೆಯ ಮೇಲೆ ಬಂದದ್ದನ್ನೆಲ್ಲ ವಿಡಿಯೊ ಮಾಡಿಕೊಂಡರು. ಮೊದಲ ವಿಡಿಯೊದಲ್ಲಿ ಬರೀ ಸೀಲಿಂಗ್ ಫ್ಯಾನು ಬಂದಿತ್ತು. ಇನ್ನೊಂದು ಸಲ ಮಾಡಿದರು. ಆಮೇಲೇ ಕಡ್ಡಿ ಕಿತ್ತದ್ದು. ಅಂದು ಟೀಚರ್ ಶಾಲೆಗೆ ಹೋಗುವುದು ಬೇಡ, ಮರುದಿನ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಠಾಣೆಗೆ ಹೋಗುವುದು ಎಂದಾಯಿತು.

ಕೆಳಗಿಳಿದಾಗ ಎದುರಿನ ಮುಚ್ಚಿದ ಅಂಗಡಿಯ ಶಟರಿಗೆ ಒರಗಿ, ಹೆಲ್ಮೆಟ್ ತೆಗೆಯದೆ, ಫೋನು ನೋಡುತ್ತಾ ಒಬ್ಬ ನಿಂತಿದ್ದ. ಅವನೇ ಎಂದು ಹೇಳಲು ಆಗದು, ಅವನಲ್ಲ ಎಂದು ಹೇಳಲೂ ಆಗದು. ಅಕ್ಕ ಸ್ಕೂಟರು ಹತ್ತಿದಾಗ ಅವನು ತಲೆಯೆತ್ತಿ, ಅಕ್ಕನನ್ನು ಬಿಟ್ಟು, ಹಿಂದಿನ ಪೆಟ್ಟಿಗೆಯ ಮೇಲಿನ ನಂಬರನ್ನೇ ನೋಡುತ್ತಿದ್ದ.

ಸಂಜೆ ಫೋನ್ ಬಂತು. ಗಂಡಸಿನ ದನಿ, ತುಂಬಾ ಮರ್ಯಾದೆಯ ಮಾತು.

"ನಮ್ಮನೇಲೂ ಒಂದು ಟಿವಿ ಇದೆ ಮೇಡಂ. ಬಂದು ನೋಡ್ತೀರಾ?"

"ವಿಳಾಸ ಹೇಳಿ."

"ಬೆಳಿಗ್ಗೆ ಹೋಗಿದ್ರಲ್ಲ. ಅದೇ."

ಅಕ್ಕ ಫೋನು ಕೆಳಗಿಟ್ಟು, ಬಾಗಿಲ ಚಿಲಕ ನೋಡಿ, ಹಿಂಬಾಗಿಲ ಚಿಲಕ ನೋಡಿ, ಮತ್ತೆ ಮುಂಬಾಗಿಲಿಗೆ ಬಂದರು. ಬೇಕರಿಗೆ ಹೊರಟಿದ್ದ ಗಂಡ ಅಂದು ಹೋಗಲಿಲ್ಲ. "ಇದು ನಮಗ್ಯಾಕೆ? ನೀನು ಡಬ್ಬಿ ಹಾಕೋಳು. ಅವರ ಜಗಳ ಅವರು ನೋಡ್ಕೋತಾರೆ" ಎಂದು ಅವರು ಹೇಳಿದಾಗ ಅಕ್ಕನಿಗೂ ಅದೇ ಸರಿ ಅನ್ನಿಸಿತು. ಹೋಗುವುದಿಲ್ಲ ಎಂದು ಟೀಚರಮ್ಮನಿಗೆ ಹೇಳಲು ಫೋನು ಕೈಗೆತ್ತಿಕೊಂಡರು. ಆ ಕಡೆಯಿಂದ "ಅಕ್ಕ, ನೀವು ಬರ್ತೀರಾ ತಾನೆ?" ಎಂಬ ಅದೇ ಸಣ್ಣ ದನಿ ಕೇಳಿದ್ದೇ, "ಬರ್ತೀನಿ" ಎಂದುಬಿಟ್ಟರು.

"ಧೈರ್ಯ ಗೀರ್ಯ ಏನಿಲ್ಲ. ಬಾಯಿಗೆ ಬೇರೇನೂ ಬರಲಿಲ್ಲ, ಅಷ್ಟೇ" ಎಂದು ಈಗ ಹೇಳುತ್ತಾರೆ. "ಹೆದರಿಕೆ ನನಗೂ ಇತ್ತು. ಆದ್ರೆ ಆ ಟೀಚರ್ ಹುಡುಗಿಗೆ ನನಗಿಂತ ಹೆಚ್ಚು ಇತ್ತು. ಅವಳೊಬ್ಬಳೇ ಹೋಗಿ ಟಿವಿ ತಾನಾಗಿ ಆನ್ ಆಯ್ತು ಅಂದ್ರೆ ಯಾರು ನಂಬ್ತಾರೆ?"

ನಂಬಲಿಲ್ಲ ಕೂಡ. ಠಾಣೆಯಲ್ಲಿ ಮೇಜಿನ ಹಿಂದಿದ್ದವರು, "ಟಿವಿ ಕೆಟ್ಟಿದ್ರೆ ರಿಪೇರಿಯವರ ಹತ್ರ ಹೋಗಿಯಮ್ಮ" ಎಂದರು. "ನಾನೇ ಸರ್ ರಿಪೇರಿಯವಳು" ಎಂದರು ಅಕ್ಕ. ಒಳಗಿನ ಕೋಣೆಯಲ್ಲಿದ್ದ ಮಹಿಳಾ ಅಧಿಕಾರಿ ಆ ಮಾತು ಕೇಳಿ ಎದ್ದು ಬಂದರು. ವಿಡಿಯೊ ನೋಡಿದರು, ಹಿಂದಿನ ಸಂಜೆ ಬಂದ ಕರೆಯ ನಂಬರ್ ನೋಡಿದರು, ಟೀಚರ್ ತೋಳಿನ ಹಳೆಯ ಗಾಯ ನೋಡಿದರು, ಬಾಗಿಲು ಮುಂದೆ ಮಾಡಿ ಕೂರಿಸಿಕೊಂಡು ಪೂರ್ತಿ ಕೇಳಿದರು. ನಂಬರ್ ಗಂಡನದೇ. ಕರೆದು ವಿಚಾರಿಸಿದಾಗ, ಮಗಳನ್ನು ನೋಡುವ ಆಸೆಯಿಂದ ಹಾಗೆ ಮಾಡಿದೆ ಎಂದನಂತೆ. ನ್ಯಾಯಾಲಯ ಅವನು ಆ ಮನೆಯ, ಆ ಶಾಲೆಯ ಹತ್ತಿರ ಸುಳಿಯಬಾರದೆಂದು ಆದೇಶ ಕೊಟ್ಟಿತು. ಅಕ್ಕ ಕಟಕಟೆಯಲ್ಲಿ ನಿಂತು ಕಂಡದ್ದನ್ನು ಹೇಳಿದರು. ಹೇಳುವಷ್ಟು ಹೊತ್ತೂ ಅವನು ಎದುರು ಕೂತು ನೋಡುತ್ತಿದ್ದ. ಏನು ಹೇಳಿದೆನೆಂದು ಅವರಿಗೆ ಇಂದಿಗೂ ಸರಿಯಾಗಿ ನೆನಪಿಲ್ಲ.

ಅವನು ಈಗ ಬೇರೆ ಊರಿನಲ್ಲಿದ್ದಾನೆ ಎಂದು ಸುದ್ದಿ. ಸುದ್ದಿಯನ್ನು ಅಕ್ಕ ಪೂರ್ತಿ ನಂಬುವುದಿಲ್ಲ. ಸ್ಕೂಟರಿನ ಪೆಟ್ಟಿಗೆಯ ಮೇಲಿನ ನಂಬರನ್ನು ಬಣ್ಣ ಬಳಿಸಿ ಮುಚ್ಚಿದ್ದಾರೆ. ಹೆಲ್ಮೆಟ್ ತೆಗೆಯದೆ ನಿಂತವರನ್ನು ಕಂಡರೆ ಇನ್ನೊಂದು ರಸ್ತೆ ಹಿಡಿಯುತ್ತಾರೆ. ಕೆಲಸ ಮಾತ್ರ ಬಿಟ್ಟಿಲ್ಲ. ಈಗ ಪ್ರತಿ ಮನೆಯಲ್ಲೂ ಆ ಎರಡನೇ ಪ್ರಶ್ನೆ ಕೇಳುತ್ತಾರೆ; ಹಳೆಯ ಸಾಧನ ಇದ್ದರೆ ಯಾರ್ಯಾರ ಫೋನು ಅದಕ್ಕೆ ಸೇರಿಕೊಂಡಿದೆ ಎಂದು ಮನೆಯವರೆದುರೇ ತೆರೆದು ತೋರಿಸುತ್ತಾರೆ. "ನಿಮಗ್ಯಾಕೆ ಅದೆಲ್ಲ" ಎಂದು ಒಬ್ಬರು ಗದರಿ ಬಾಗಿಲು ಹಾಕಿದ್ದೂ ಇದೆ. ಮೆಟ್ಟಿಲಿಳಿಯುವಾಗ ಆ ಮನೆಯ ಹೆಂಡತಿ ಕಸದ ಬುಟ್ಟಿ ಹಿಡಿದು ಹಿಂದೆಯೇ ಬಂದು, ಅಕ್ಕನ ನಂಬರ್ ಕೇಳಿ ಬರೆದುಕೊಂಡು ಹೋದರು. ಅವರಿಂದ ಇನ್ನೂ ಕರೆ ಬಂದಿಲ್ಲ. ಅದನ್ನು ಹೇಳುವಾಗ ಅಕ್ಕ ಒಮ್ಮೆ ಫೋನಿನ ಕಡೆ ನೋಡುತ್ತಾರೆ.

ಟೀಚರ್ ಮನೆಗೆ ಆರಿಸಿಕೊಟ್ಟದ್ದು ತೀರ ಸಾದಾ ಕಡ್ಡಿ. ಮೈಕಿಲ್ಲ, ಮಾತು ಕೇಳುವುದಿಲ್ಲ, ಫೋಟೊ ತೋರಿಸುವುದಿಲ್ಲ. ಹೊಸ ಅಕೌಂಟು ಅಜ್ಜಿಯ ಹೆಸರಲ್ಲಿ, ಪಾಸ್‌ವರ್ಡು ಟೀಚರ್ ತಲೆಯಲ್ಲಿ. ಅಕೌಂಟಿನಲ್ಲಿ ತನ್ನ ಗುರುತಿನ ಚಿತ್ರವಾಗಿ ಮೊಮ್ಮಗಳು ಆಮೆಯನ್ನು ಆರಿಸಿಕೊಂಡಳು. ಅವಳು ಹಜಾರದಲ್ಲಿ ಕೂತು ಕಾರ್ಟೂನು ನೋಡಲು ವಾರಗಳೇ ಹಿಡಿದವು. ಮೊದಮೊದಲು ಅಜ್ಜಿಯ ಸೆರಗಿನ ಮರೆಯಿಂದ ನೋಡುತ್ತಿದ್ದಳಂತೆ.

ಮೊನ್ನೆ ಬೆಳಿಗ್ಗೆ ಅಜ್ಜಿಯ ಕರೆ ಬಂತು. "ಟಿವಿ ತಾನಾಗೇ ಆನ್ ಆಯ್ತಮ್ಮ." ಅಕ್ಕ ಬೇರೊಬ್ಬರ ಮನೆಯಲ್ಲಿ ಅರ್ಧ ಬಿಚ್ಚಿದ ಪೆಟ್ಟಿಗೆಯನ್ನು ಹಾಗೇ ಬಿಟ್ಟು ಓಡಿದರು. ದಾರಿಯಲ್ಲಿ ಮಹಿಳಾ ಅಧಿಕಾರಿಗೂ ಫೋನ್ ಮಾಡಿದರು. ಎದುರಿನ ಅಂಗಡಿಯ ಮುಂದೆ ಯಾರೂ ಇರಲಿಲ್ಲ. ಯಾರೂ ಇಲ್ಲದ್ದನ್ನು ನೋಡಿ ಹೆದರಿಕೆ ಇನ್ನೂ ಹೆಚ್ಚಾಯಿತು. ಮೆಟ್ಟಿಲು ಹತ್ತಿ ಒಳಗೆ ಹೋದರೆ ಟಿವಿ ಜೋರಾಗಿ ಕಿರುಚುತ್ತಿದೆ, ಅಜ್ಜಿ ಕುರ್ಚಿಯಲ್ಲಿ ಬಿಳಿಚಿಕೊಂಡು ಕೂತಿದ್ದಾರೆ, ಮೊಮ್ಮಗಳು ಮಾತ್ರ ನಗುತ್ತಿದ್ದಾಳೆ.

"ಅಜ್ಜಿ ರಿಮೋಟ್ ಮೇಲೆ ಕೂತಿದೆ" ಎಂದಳು.

ಅಜ್ಜಿಯನ್ನು ಎಬ್ಬಿಸಿ, ರಿಮೋಟು ತೆಗೆದು, ಸದ್ದು ಇಳಿಸಿದ ಮೇಲೂ ಅಕ್ಕ ಟಿವಿಯ ಹಿಂದೆ ಕೈ ಹಾಕಿ ನೋಡಿದರು. ಅಕೌಂಟು ತೆರೆದು ನೋಡಿದರು, ಬಾಲ್ಕನಿಗೆ ಹೋಗಿ ರಸ್ತೆಯ ಎರಡೂ ತುದಿ ನೋಡಿದರು, ಅಧಿಕಾರಿಗೆ ಫೋನ್ ಮಾಡಿ ಕ್ಷಮೆ ಕೇಳಿದರು. ಎಲ್ಲ ಮುಗಿಸಿ ಕೆಳಗಿಳಿಯುವಾಗ ಮೆಟ್ಟಿಲ ಮೇಲೇ ಕೂತು, ಒಬ್ಬರೇ ನಕ್ಕರಂತೆ.

ಮುಂದೇನು ಆಸೆ ಎಂದು ಕೇಳಿದರೆ ಅವರು ಟಾರ್ಚನ್ನು ಸೆರಗಿನಿಂದ ಒರೆಸುತ್ತಾ ಯೋಚಿಸುತ್ತಾರೆ.

"ಇನ್ನೇನು ಕೇಳ್ಲಿ. ಬರೋ ಕರೆಗಳೆಲ್ಲ ಆ ಅಜ್ಜಿ ಮಾಡಿದಂಥವೇ ಆಗಿರ್ಲಿ. ಎಷ್ಟು ಸಲ ಬೇಕಾದ್ರೂ ಓಡಿ ಹೋಗ್ತೀನಿ."