ಸೀರೆಯ ಬಣ್ಣ, ಮಗಳ ಬಣ್ಣ

ಕೊಳ್ಳೇಗಾಲದಲ್ಲಿ ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ನಮ್ಮ ಸೀರೆ ಕೊಳ್ಳುವ ಅಂಗಡಿಯವನು ಹೋದ ವರ್ಷ, ಕಾಲೇಜಿಗೆ ಹೋಗುವ ನನ್ನ ಮಗಳಿಗೆ ನಾನು ನೇಯ್ದ ನೇರಳೆ ಸೀರೆ ಉಡಿಸಿ, ಜಾಹೀರಾತಿಗೆಂದು ಫೋಟೊ ತೆಗೆಸಿದ. ಮಾರನೆಯ ದಿನ ಅದು ಎಲ್ಲರ ಮೊಬೈಲಿಗೂ ಬಂತು. ನನ್ನಂತೆಯೇ ಎಣ್ಣೆಗಪ್ಪಿನ ಮಗಳು ಅದರಲ್ಲಿ ಸುಣ್ಣ ಬಳಿದ ಗೋಡೆಯಂತಿದ್ದಳು.

ಹನೂರಿನಿಂದ ನಾದಿನಿ ಫೋನ್ ಮಾಡಿ, "ಮಗೀಗೆ ಯಾವ ಕ್ರೀಮ್ ಅಚ್ತಿದ್ದೀಯಕ್ಕಾ?" ಎಂದಳು. ಎತ್ತಿ ಆಡಿಸಿದ ಹುಡುಗಿಗಿಂತ ಅವಳಿಗೆ ಮೊಬೈಲಿನ ಮಾತೇ ದೊಡ್ಡದು.

ಮಗಳು ಊಟ ಬಿಟ್ಟು ಕೂತಳು. ಅವಳನ್ನು ಕರೆದುಕೊಂಡು ಅಂಗಡಿಗೇ ಹೋದೆ.

"ಎಲ್ರೂ ಇಂಗೇ ಮಾಡೋದು ಕಣಕ್ಕಾ. ಬೆಳ್ಳಗಿದ್ರೇನೇ ಜನ ನೋಡೋದು," ಎಂದ ಅಂಗಡಿಯವನು.

"ಅಂಗಾದ್ರೆ ಸೀರೆ ಬಣ್ಣ ಯಾಕೆ ಬದಲಾಯಿಸಿಲ್ಲ?" ಎಂದು ಮಗಳು ಕೇಳಿದಳು.

"ಅದು ಸುಳ್ಳಾದ್ರೆ ಗಿರಾಕಿ ವಾಪಸ್ ಕಳಿಸ್ತಾರೆ ಕಣವ್ವಾ," ಎಂದ, ಚೂರೂ ನಾಚಿಕೆಯಿಲ್ಲದೆ.

ಅದೇ ಸೀರೆಯಲ್ಲಿ ಮನೆ ಬಾಗಿಲಲ್ಲಿ ನಾನು ತೆಗೆದಿದ್ದ ತನ್ನ ಫೋಟೊವನ್ನು ಮಗಳು ಆ ಜಾಹೀರಾತಿನ ಕೆಳಗೆ ಹಾಕಿ, "ಇದು ನಾನು" ಎಂದು ಬರೆದಳು. ಸಂಜೆಯೊಳಗೆ ಅವನು ಜಾಹೀರಾತನ್ನೇ ತೆಗೆದ. ತಪ್ಪಾಯಿತೆಂದಲ್ಲ. "ಸೀರೆನೂ ಇಂಗೇ ಸುಳ್ಳಾ?" ಎಂದು ಜನ ಕೇಳತೊಡಗಿದ್ದರು.