ಅತ್ತೆ ಒಗ್ಗರಣೆ ಹಾಕಿದ ಬಿಯರ್

ಕಳೆದ ಸಂಕ್ರಾಂತಿಯಲ್ಲಿ ನಮ್ಮ ಅತ್ತೆ ನಮ್ಮ ಮನೆಯವರ ಬಿಯರಿಗೆ ಒಗ್ಗರಣೆ ಹಾಕಿದರು.

ತಮಾಷೆಗೆ ಹೇಳುತ್ತಿಲ್ಲ. ಸಾಸಿವೆ, ಇಂಗು, ಕಾಯಿಸಿ ಆರಿಸಿದ ಎಣ್ಣೆ. ಜೊತೆಗೆ ಧಾರಾಳವಾಗಿ ಉಪ್ಪು. ತಾಳಿ, ಮೊದಲಿನಿಂದ ಹೇಳುತ್ತೇನೆ.

ನಮ್ಮ ಮನೆಯವರು ಗುರುನಾಥ. ಫ್ಯಾಕ್ಟರಿಯಿಂದ ವಿಆರ್‌ಎಸ್ ತೆಗೆದುಕೊಂಡ ಮೇಲೆ ಕೊಂಢವಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಪೇಪರ್ ಓದಿ, ಅದನ್ನೇ ಮತ್ತೊಮ್ಮೆ ಓದಿ, ಮಲಗಿಬಿಡುತ್ತಿದ್ದರು. ಕರೆದರೆ ಊಟಕ್ಕೆ ಬರುತ್ತಿದ್ದರು, ಅಷ್ಟೇ. ಏನು ಅಡುಗೆ ಎಂದು ಕೇಳುವುದನ್ನೂ ಬಿಟ್ಟಿದ್ದರು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಒಂದು ದಿನ ಸೈಬರ್ ಕೆಫೆಯಿಂದ ಖುಷಿಯಾಗಿ ಬಂದರು. ಬಿಯರನ್ನು ಮನೆಯಲ್ಲೇ ಮಾಡಬಹುದಂತೆ. (ಕಾನೂನು ಏನನ್ನುತ್ತದೆ ಎಂದು ಕೇಳಬೇಡಿ, ನಾನೂ ಕೇಳಲಿಲ್ಲ.) ಅದಕ್ಕೆ ಬೇಕರಿಯ ಯೀಸ್ಟ್ ಬೇಡವಂತೆ. ಹಣ್ಣಿನ ಸಿಪ್ಪೆಯ ಮೇಲೆ ಕಾಡು ಯೀಸ್ಟ್ ತಾನಾಗಿಯೇ ಕೂತಿರುತ್ತದಂತೆ. ಅದರ ಪಾಡಿಗೆ ಬಿಟ್ಟರೆ ತಿಂಗಳುಗಟ್ಟಲೆ ಕೆಲಸ ಮಾಡಿ ಬೇರೆಯೇ ರುಚಿ ಕೊಡುತ್ತದಂತೆ.

ಮೇ ತಿಂಗಳಲ್ಲಿ ಭೋರ್‌ಗೆ ಹೋಗಿ ಕವಳಿಹಣ್ಣು ತಂದರು. ಇಲ್ಲಿಯ ಮರಾಠಿ ಜನ ಕರವಂದ ಅನ್ನುತ್ತಾರಲ್ಲ, ಗುಡ್ಡದ ಮುಳ್ಳುಕಂಟಿಯ ಆ ಕಪ್ಪು ಹಣ್ಣು. ತೊಳೆಯಲು ಹೋದರೆ ನನ್ನ ಕೈಯಿಂದ ಬುಟ್ಟಿ ಕಿತ್ತುಕೊಂಡರು. ತೊಳೆದರೆ ಯೀಸ್ಟ್ ಹೋಗುತ್ತದಲ್ಲ. ಜವೆಗೋಧಿ ಮೊಳಕೆ ಬರಿಸಿ, ಒಣಗಿಸಿ, ಕುಟ್ಟಿ, ಬಿಸಿನೀರಿನಲ್ಲಿ ನೆನೆಸಿ ಸೋಸಿ, ಕುದಿಸಿ ಆರಿಸಿದ ರಸಕ್ಕೆ ಹಣ್ಣು ಸುರಿದರು. ಮರದ ಪೀಪಾಯಿಯಲ್ಲಿಟ್ಟರೆ ಒಳ್ಳೆಯದಂತೆ. ಎಲ್ಲಿಂದ ತರುವುದು? ಅತ್ತೆ ಧಾರವಾಡದಿಂದ ಕೊಟ್ಟು ಕಳಿಸಿದ್ದ ದೊಡ್ಡ ಉಪ್ಪಿನಕಾಯಿ ಭರಣಿಯೇ ಗತಿಯಾಯಿತು. ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಅಡುಗೆಮನೆಯ ಹಿಂದಿನ ಕತ್ತಲೆ ಮೂಲೆಯಲ್ಲಿಟ್ಟರು.

ಮಳೆಗಾಲ ಕಳೆಯುವಷ್ಟರಲ್ಲಿ ಮೇಲೆ ಬಿಳಿ ಪೊರೆ ಕಟ್ಟಿತು. ಕೆಟ್ಟಿತು ಅಂದೆ.

"ಅದನ್ನ ಮುಟ್ಟಬ್ಯಾಡ. ಅದ ಅದರ ಹೊದಿಕಿ. ಗಾಳಿ ತಾಗದಂಗ ಕಾಯ್ತದ," ಅಂದರು.

ದಿನಾ ಬೆಳಿಗ್ಗೆ ಹೋಗಿ ಮೂಸಿ ಬರುವುದು, ನನಗೆ ವರದಿ ಒಪ್ಪಿಸುವುದು. ಇಂದು ಹುಳಿ ಏರಿದೆ, ಇಂದು ಹಣ್ಣಿನ ವಾಸನೆ ಬಂದಿದೆ. ಹಾಗೇ ಊಟದ ಕಡೆಗೂ ಲಕ್ಷ್ಯ ಬಂತು. ಸಾರಿಗೆ ಹುಣಸೆ ಕಡಿಮೆಯಾಯಿತೆಂದು ನನ್ನ ಜೊತೆ ಜಗಳವಾಡಿದರು. ಆ ಜಗಳ ನನಗೆಷ್ಟು ಹಿತವಾಯಿತು ಗೊತ್ತೇ? ನಾನು ಬಿಯರ್ ಕುಡಿಯುವವಳಲ್ಲ. ಆದರೂ ಆ ಭರಣಿ ಚೆನ್ನಾಗಿ ಮಾಗಲಪ್ಪಾ ಎಂದು ದೇವರಿಗೆ ಕೈಮುಗಿದೆ.

ಸಂಕ್ರಾಂತಿಗೆ ಅತ್ತೆ ಬಂದರು. ಮಗ ಚಹಾ ಬಿಟ್ಟು ಬೇರೇನೂ ಕುಡಿದವನಲ್ಲ ಎಂದು ನಂಬಿರುವ ತಾಯಿ. ಐವತ್ತು ದಾಟಿದ ಮಗ ಆ ನಂಬಿಕೆಯನ್ನು ಜೋಪಾನವಾಗಿ ಕಾಪಾಡಿಕೊಂಡು ಬಂದಿದ್ದರು.

ನಾವಿಬ್ಬರೂ ದೇಹೂ ರೋಡಿನಲ್ಲಿ ಒಂದು ಮದುವೆಗೆ ಹೋಗಿದ್ದೆವು. ಅಷ್ಟರಲ್ಲಿ ಅತ್ತೆ ತಮ್ಮ ಭರಣಿಯ ಗುರುತು ಹಿಡಿದಿದ್ದಾರೆ. ಬಟ್ಟೆ ಬಿಚ್ಚಿದರೆ ಕವಳಿಹಣ್ಣು, ಹುಳಿ ವಾಸನೆ, ಮೇಲೆ ಬೂಷ್ಟು. ಯಾವ ಅತ್ತೆ ಸುಮ್ಮನಿರುತ್ತಾರೆ ಹೇಳಿ?

"ಉಪ್ಪಿನಕಾಯಿಗೆ ಉಪ್ಪ ಹಾಕಿಲ್ಲಲ್ಲ ಸುಮಾ," ಅಂದರು ನನಗೆ, ನಾವು ಮರಳಿ ಬಂದ ಕೂಡಲೇ. ಬೈಯಲಿಲ್ಲ, ಮರುಕಪಟ್ಟರು. "ಇರ್ಲಿ ಬಿಡು. ಬೂಷ್ಟೆಲ್ಲಾ ತಗದ ಚೆಲ್ಲೀನಿ. ಈಗ ಕೆಡೂದಿಲ್ಲ."

ನಮ್ಮ ಮನೆಯವರು ಭರಣಿಯೊಳಗೆ ಬಗ್ಗಿ ನೋಡಿದರು. ಎಂಟು ತಿಂಗಳ ಬಿಯರಿನ ಮೇಲೆ ಸಾಸಿವೆ ತೇಲುತ್ತಿತ್ತು. ನಾನು ಕಾದೆ. ಅವ್ವಾ, ಇದು ಉಪ್ಪಿನಕಾಯಿ ಅಲ್ಲ, ಇದು ನನ್ನದು ಎಂದರೆ ಸಾಕಿತ್ತು. ಅತ್ತೆ ಮಗನ ಮುಖವನ್ನೇ ನೋಡುತ್ತಿದ್ದರು. ಇವರು ಚಮಚ ತಂದು, ಅದ್ದಿ, ನಾಲಗೆಗೆ ಹಚ್ಚಿಕೊಂಡರು.

"ಈಗ ಛಲೋ ಆತು, ಅವ್ವಾ."

ನನಗೆ ಸಿಟ್ಟು ಬಂತು. ಅವರ ಕಣ್ಣು ನೋಡಿ ಅಳುವೂ ಬಂತು. ಬಿಯರ್ ಅವರದು ಹೋಯಿತು, ಹೆಸರು ನನ್ನದು ಹೋಯಿತು. ಧಾರವಾಡದಲ್ಲೀಗ ನಾನು ಉಪ್ಪಿನಕಾಯಿಗೆ ಉಪ್ಪು ಹಾಕಲು ಬಾರದ ಸೊಸೆ. ನಾದಿನಿ ಎಸ್‌ಟಿಡಿ ಮಾಡಿ ಅಳತೆ ಹೇಳಿಕೊಟ್ಟಳು. (ಬರೆದುಕೊಂಡಂತೆ ನಟಿಸಿದೆ.)

ಈ ವರ್ಷ ಮತ್ತೆ ಕವಳಿಹಣ್ಣು ಬಂದಿದೆ. ಭರಣಿ ಅದೇ, ಮೂಲೆಯೂ ಅದೇ. ಪೊರೆಯೂ ಕಟ್ಟಿದೆ. ಮುಂದಿನ ವಾರ ಅತ್ತೆ ಬರುತ್ತಾರೆ.

"ಈ ಸಲ ಒಂದು ಚೀಟಿ ಬರದು ಹಚ್ಚರಿ," ಅಂದೆ.

ಚೀಟಿ ತಂದರು, ಪೆನ್ನೂ ತಂದರು. ಪೆನ್ನಿನ ಮುಚ್ಚಳ ತೆಗೆದು, "ಏನಂತ ಬರೀಲಿ?" ಎಂದು ನನ್ನನ್ನೇ ಕೇಳಿದರು.

ಗುರುತು ಪರಿಚಯವಿಲ್ಲದ ಕಾಡು ಯೀಸ್ಟನ್ನು ನಂಬಿ ಮನೆಯೊಳಗೆ ಬಿಟ್ಟುಕೊಂಡ ಈ ಮನುಷ್ಯ, ಹೆತ್ತ ತಾಯಿಯನ್ನು ನಂಬಲು ಇನ್ನೆಷ್ಟು ವರ್ಷ ಮಾಗಬೇಕು?