ಅಮ್ಮ ಹಿಂದಿನ ಸೀಟಿಗೆ ಹೋದದ್ದು

ಚಾಮರಾಜಪೇಟೆಯ ಸಮಸ್ತ ವಾಹನಾಧೀಶರ ಪಾದಾರವಿಂದಗಳಿಗೆ ಸಾಷ್ಟಾಂಗ ನಮಸ್ಕಾರ! ಇವತ್ತು ಬಂಕಿನಲ್ಲಿ ಪೆಟ್ರೋಲ್ ವಾಸನೆ ಮೂಗಿಗೆ ಬಡಿದು, ನನ್ನ ಬಾಲ್ಯದಲ್ಲಿ ಅಪ್ಪ ಕೊಂಡ ಹೊಸ ಕಾರು ನೆನಪಾಯಿತು.

ಚಳಿಯಲ್ಲಿ ಸ್ಟಾರ್ಟ್ ಮಾಡಲು ಚೋಕಿನ ಗುಂಡಿ ಎಳೆಯಬೇಕು, ಇಂಜಿನ್ ಬಿಸಿಯಾದ ಮೇಲೆ ಒಳಗೆ ತಳ್ಳಬೇಕು; ಇಲ್ಲದಿದ್ದರೆ ಪೆಟ್ರೋಲ್ ಹೆಚ್ಚಾಗಿ ಗಾಡಿ ನಿಲ್ಲುತ್ತದೆ. ಸೀಟಿನ ಪ್ಲಾಸ್ಟಿಕ್ಕನ್ನೂ ತೆಗೆಯದ ಅಪ್ಪ ಇದನ್ನು ಸಂಧ್ಯಾವಂದನೆಯಂತೆ ಪಾಲಿಸುತ್ತಿದ್ದರು. ಅಮ್ಮ ಡ್ರೈವಿಂಗ್ ಕಲಿಯತೊಡಗಿ ಎಂಟೇ ದಿನ. ವಿಶ್ವೇಶ್ವರಪುರಂ ಸರ್ಕಲ್ಲಿನಲ್ಲಿ ಗಾಡಿ ಕೆಮ್ಮಿ ನಿಂತುಬಿಟ್ಟಿತು. ನೋಡಿದರೆ ಗುಂಡಿ ಹೊರಗಿತ್ತು.

"ಚೋಕ್ ತಳ್ಳೋಕೂ ಬರಲ್ವೇನೆ ನಿಂಗೆ? ಊರೆಲ್ಲಾ ನೋಡ್ತಿದೆ, ಇಳಿ!" ಎಂದರು ಅಪ್ಪ.

"ತಳ್ಳಿದ್ದೆ ಕಣ್ರೀ," ಎಂದ ಅಮ್ಮ ಇಳಿದು ಹಿಂದೆ ಕೂತರು. ಮತ್ತೆಂದೂ ಸ್ಟೀರಿಂಗ್ ಮುಟ್ಟಲಿಲ್ಲ.

ಇವತ್ತು ನನ್ನ ಕಾರಿನಲ್ಲೂ ಹಿಂದೆಯೇ ಕೂತಿದ್ದಾರೆ. ಅಪ್ಪನನ್ನು ನಾನಿನ್ನೂ ಕ್ಷಮಿಸಿಲ್ಲ. ಆದರೆ ಅಮ್ಮ ತಳ್ಳಿದ ಗುಂಡಿಯನ್ನು ತಮಾಷೆಗೆ ಮತ್ತೆ ಎಳೆದದ್ದು, ಅವತ್ತು ಮುಂದಿನ ಉದ್ದ ಸೀಟಿನಲ್ಲಿ ಅವರಿಬ್ಬರ ನಡುವೆ ಕೂತಿದ್ದ ನಾನೇ.